ಬಾವಿಗೆ ಸುರಿದ ನೀರು

ಮಾರುವುದೆಂದು ತೀರ್ಮಾನವಾದ ಮೇಲೆ ಮನೆಗೆ ಸುಣ್ಣ ಬಳಿಸಿದರು. ನಾನು ಕಂಡಂತೆ ಅಷ್ಟು ಶ್ರದ್ಧೆಯಿಂದ ಆ ಮನೆಗೆ ಯಾರೂ ಎಂದೂ ಏನನ್ನೂ ಮಾಡಿದ್ದಿಲ್ಲ. ಹಜಾರದ ಬಿರುಕುಬಿಟ್ಟ ಕೆಂಪು ನೆಲಕ್ಕೆ ಬಣ್ಣದ ಸಿಮೆಂಟು ಮೆತ್ತಿದರು. ತಾರಸಿ ಸೋರುವ ಕಡೆಯೆಲ್ಲ ಒಳಗಿನಿಂದ ಬಿಳಿ ಹೊಡೆದರು. ಗೆದ್ದಲು ತಿಂದ ಬಾಗಿಲ ಚೌಕಟ್ಟಿನ ಬುಡಕ್ಕೆ ಮೇಣ ತುಂಬಿ ಮೇಲೆ ವಾರ್ನಿಷ್ ಎಳೆದರು. ಎಂಬತ್ತರ ದಶಕದ ಆರಂಭದ ಆ ಬೇಸಿಗೆಯಲ್ಲಿ ಮದರಾಸು ಮಳೆಯ ಮುಖ ಕಂಡು ಬಹಳ ಕಾಲವಾಗಿತ್ತು. ಆದ್ದರಿಂದ ಸೋರಿಕೆ ಪತ್ತೆಯಾಗುವ ಭಯವಿರಲಿಲ್ಲ. ಭಯವಿದ್ದದ್ದು ಬಾವಿಯದು. ಅದು ಬತ್ತಿತ್ತು.

ಕೀಲ್ಪಾಕಿನ ಆ ಮನೆಯನ್ನು ಕಟ್ಟಿಸಿದವರು ನನ್ನ ತಾತ. ಉಯಿಲು ಬರೆಯದೆ ತೀರಿಕೊಂಡರು. ಅವರ ಮಕ್ಕಳು ಮೂವರು: ವಿಮಾ ಕಚೇರಿಯಲ್ಲಿದ್ದ ನನ್ನ ಅಪ್ಪ, ರೈಲ್ವೆಯಲ್ಲಿದ್ದ ಚಿಕ್ಕಪ್ಪ, ಇಬ್ಬರಿಗೂ ಹಿರಿಯಳಾದ ಅತ್ತೆ. ಹರೆಯದಲ್ಲೇ ವಿಧವೆಯಾಗಿ ತೌರಿಗೆ ಮರಳಿದ ಅತ್ತೆ ಹಿತ್ತಿಲ ಕೋಣೆಯಲ್ಲಿದ್ದುಕೊಂಡು ಮನೆಯ ಅಡುಗೆಯನ್ನೂ ನಮ್ಮೆಲ್ಲರ ಬಾಲ್ಯವನ್ನೂ ನಡೆಸಿದಳು. ಈಗ ಚಿಕ್ಕಪ್ಪನಿಗೆ ಬೆಸೆಂಟ್ ನಗರದಲ್ಲೊಂದು ಫ್ಲಾಟು ಬೇಕಿತ್ತು. ಅಪ್ಪನಿಗೆ ನಿವೃತ್ತಿಗೆ ಮೊದಲು ತನ್ನದೇ ಎನ್ನುವ ಒಂದು. ಅತ್ತೆಗೆ ಏನು ಬೇಕೆಂದು ಆ ಮಾತುಕತೆಗಳಲ್ಲಿ ಯಾರೂ ಕೇಳಲಿಲ್ಲ.

ದಲ್ಲಾಳಿ ಮೊದಲು ಕರೆತಂದ ಗಿರಾಕಿ ನಮ್ಮವರೇ. ಬ್ಯಾಂಕಿನ ಅಧಿಕಾರಿ, ಜೊತೆಗೆ ಮಡಿ ಮಾಡುವ ವೃದ್ಧ ತಾಯಿ. ಮೊದಲ ಭೇಟಿಯಲ್ಲೇ ಆಕೆಗೆ ಅತ್ತೆ ಹಿಡಿಸಿದಳು. "ಹಿಂದ್ಗಡೆ ರೂಮಲ್ಲಿ ಇವರು ಇದ್ದುಕೊಳ್ಳಲಿ ಕಣೋ. ನನಗೂ ಮಡಿಗೆ ಒಂದು ಜೊತೆ ಆಯ್ತು," ಎಂದು ಮಗನಿಗೆ ಹೇಳಿದರು. ಮಗ ಒಪ್ಪಿದ. ಅಂದು ಸಂಜೆ ಅತ್ತೆ ತನ್ನ ಕೋಣೆಯ ಗೋಡೆಗೂ ಸುಣ್ಣ ಬಳಿಯಲು ಕೂಲಿಯವನಿಗೆ ಹೇಳಿದಳು. ಅದುವರೆಗೆ ಆ ಗೋಡೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡನೆಯ ಭೇಟಿಗೆ ಆ ತಾಯಿ ಬಾವಿಯನ್ನು ನೋಡುವುದಾಗಿ ಹೇಳಿಕಳಿಸಿದರು. "ತಣ್ಣಿ ಇಲ್ಲಾತ ವೀಡು ವಿಕ್ಕಾದು, ಸಾರ್," ಎಂದ ದಲ್ಲಾಳಿ. ನೀರಿಲ್ಲದ ಮನೆ ಮಾರಾಟವಾಗುವುದಿಲ್ಲವೆಂಬುದು ಆ ವರ್ಷ ಊರಿಗೆಲ್ಲ ಗೊತ್ತಿದ್ದ ಮಾತು. ಅವರು ಬರುವ ದಿನ ಬೆಳಗ್ಗೆ ಬಾಗಿಲಿಗೆ ಟ್ಯಾಂಕರ್ ಲಾರಿ ಬಂತು. ಚಿಕ್ಕಪ್ಪ ನಿಂತು ಕೊಳವೆಯನ್ನು ಬಾವಿಗೆ ಬಿಡಿಸಿದ.

ಬತ್ತಿದ ಆ ಬಾವಿಯ ತಳದಲ್ಲಿ ರಾತ್ರಿಯೆಲ್ಲ ಜಿನುಗಿ ನಿಂತ ಒಂದೆರಡು ಕೊಡ ನೀರನ್ನು ಅತ್ತೆ ಬೆಳಗಿನ ಹೊತ್ತು ಸೇದಿಕೊಳ್ಳುತ್ತಿದ್ದಳು. ಆ ಬರದಲ್ಲಿ ಅವಳ ಅಡುಗೆಗೂ ಬಾಯಿಗೂ ಅಷ್ಟೇ. ಅಂದು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದರ ಮೇಲೆ ಲಾರಿಯ ನೀರು ಭೋರ್ಗರೆದು ಬೀಳುತ್ತಿತ್ತು.

"ಏನೋ ಇದು? ನನ್ನ ಮಡಿ ನೀರು ಏನಾಗ್ಬೇಕು?"

"ಒಂದ್ ದಿವ್ಸ ಅಡ್ಜಸ್ಟ್ ಮಾಡ್ಕೋ ಅಕ್ಕಾ," ಎಂದ ಚಿಕ್ಕಪ್ಪ. "ಒಂದ್ ದಿವ್ಸ ಮಡಿ ಇಲ್ದಿದ್ರೆ ವೈಕುಂಠದಲ್ಲಿ ಗೇಟ್ ಹಾಕ್‌ಬಿಡ್ತಾರಾ?"

"ನಿನ್ನನ್ನ ಗೇಟ್ ಹತ್ರಾನೂ ಬಿಡಲ್ಲ, ಪೋಡಾ," ಎಂದು ಅತ್ತೆ ನಕ್ಕಳು. ಆದರೆ ಅಂದು ಅವಳು ನೀರು ಕುಡಿಯಲಿಲ್ಲ.

ಮಡಿಯನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದರಲ್ಲಿ ಹುಟ್ಟಿನ ಅಹಂಕಾರವಿದೆ. ವಿಧವೆಯ ಹೊಟ್ಟೆಗೂ ಮೈಗೂ ಹಾಕಿದ ಬೇಲಿಯಿದೆ. ಆದರೆ ಆ ಬೇಲಿಯನ್ನು ಅತ್ತೆಯ ಸುತ್ತ ಹಾಕಿದವರು ಇದೇ ಗಂಡಸರು. ಒಳಗೆ ಅವಳು ತನ್ನದೆಂದು ಕಾಯ್ದುಕೊಂಡಿದ್ದ ಒಂದೇ ನಿಯಮವನ್ನು ಅವರು ಒಂದು ಲಾರಿಯ ಅನುಕೂಲಕ್ಕಾಗಿ ಮುರಿದರು. ಮುರಿದೆವೆಂಬುದು ಅವರ ಅರಿವಿಗೂ ಬರಲಿಲ್ಲ. ಬಂದಿದ್ದರೆ ಮುಂದಿನ ತಪ್ಪನ್ನಾದರೂ ಮಾಡುತ್ತಿರಲಿಲ್ಲ.

ಮಧ್ಯಾಹ್ನ ಅವರು ಬಂದರು. ಆ ತಾಯಿ ಬಾವಿಗೆ ಇಣುಕಿ, "ಈ ಬರದಲ್ಲಿ ಇಷ್ಟು ನೀರಾ! ನಿಮ್ಮ ಪುಣ್ಯಾಮ್ಮಾ," ಎಂದರು. ಅಪ್ಪನಿಗೆ ಉತ್ಸಾಹ ಬಂತು. "ಅಕ್ಕಾ, ನೀನೇ ಒಂದ್ ಕೊಡ ಸೇದಿ ಕೊಡು. ರುಚಿ ನೋಡ್ಲಿ."

"ಕೊಡಿ, ಬೆಳಗ್ಗೆಯಿಂದ ನಾಲಿಗೆ ಒಣಗಿದೆ," ಎಂದರು ಆಕೆ. "ಕಂಡಕಂಡ ಕಡೆ ಕುಡಿಯಕ್ಕಾಗುತ್ತಾ? ನಿಮ್ಮ ಕೈಲಾದ್ರೆ ಯೋಚನೆ ಇಲ್ಲ."

ಅತ್ತೆ ಹಗ್ಗವನ್ನು ಬಿಟ್ಟಳು, ಎಳೆದಳು. ಕೊಡವನ್ನು ಕಟ್ಟೆಯ ಮೇಲಿಟ್ಟಳು. ಆಕೆ ಬೊಗಸೆ ಒಡ್ಡಿ ಕಾದಿದ್ದರು. ಅತ್ತೆ ಒಮ್ಮೆ ತನ್ನ ಕೋಣೆಯ ಕಡೆ ನೋಡಿದ್ದನ್ನು ನಾನು ಕಂಡೆ.

"ಕುಡೀಬೇಡಿ," ಎಂದಳು. "ಇದು ಬಾವಿ ನೀರಲ್ಲ. ಬೆಳಗ್ಗೆ ಲಾರೀಲಿ ಬಂದಿದ್ದು."

ಬ್ಯಾಂಕಿನವನು ಅಪ್ಪನ ಮುಖ ನೋಡಿದ. ಅಪ್ಪ ಬಾವಿಯನ್ನು ನೋಡಿದ. ಆ ತಾಯಿ ಬೊಗಸೆಯನ್ನು ಹಾಗೇ ಜೋಡಿಸಿ ಅತ್ತೆಗೆ ಕೈಮುಗಿದರು. "ಇಂಥವರು ಇರೋ ಮನೆ ಕಣೋ, ತಗೊಂಡ್ರೂ ತಪ್ಪಿಲ್ಲ," ಎಂದರು ಮಗನಿಗೆ. ಮಗ ಆಗಲೇ ಚಪ್ಪಲಿ ಮೆಟ್ಟಿದ್ದ. "ಬಾವೀಲೇ ಹೀಗೆ ಮಾಡಿದೋರು ಕ್ರಯಪತ್ರದಲ್ಲಿ ಬಿಡ್ತಾರೇನಮ್ಮಾ? ನಡಿ."

ಅವರು ಹೋದ ಮೇಲೆ ಚಿಕ್ಕಪ್ಪ ಕೂಗಾಡಿದ. "ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೊಂಡೆ, ತಿಳೀತಾ? ಇನ್ನು ಆ ರೂಮು ಯಾರು ಕೊಡ್ತಾರೆ ನಿಂಗೆ?" ಅತ್ತೆ ಕೊಡದ ನೀರನ್ನು ತುಳಸಿಯ ಬುಡಕ್ಕೂ ಹಾಕದೆ ಅಂಗಳಕ್ಕೆ ಚೆಲ್ಲಿ, ಒಳಗೆ ಹೋದಳು.

ಮುಂದೆ ಬಂದವನು ಫ್ಲಾಟು ಕಟ್ಟುವವನು. ಅವನು ಸುಣ್ಣವನ್ನು ನೋಡಲಿಲ್ಲ, ವಾರ್ನಿಷ್ ನೋಡಲಿಲ್ಲ, ಅಡುಗೆಮನೆಗೆ ಕಾಲಿಡಲಿಲ್ಲ. ನಿವೇಶನದ ಉದ್ದಗಲ ಅಳೆಸಿದ. ಬಾವಿಯ ಬಳಿ ಬಂದಾಗ, "ಇದೈ ಮೂಡಿಡಲಾಂ," ಮುಚ್ಚಿಬಿಡೋಣ, ಎಂದಷ್ಟೇ ಹೇಳಿ ಮುಂದೆ ನಡೆದ. ನಮ್ಮ ಎಲ್ಲ ಸಿಂಗಾರವೂ, ಎಲ್ಲ ಸುಳ್ಳೂ ವ್ಯರ್ಥವಾಗಿತ್ತು. ಅದಕ್ಕೆ ಬೆಲೆ ತೆರಬೇಕಾದವಳು ಮಾತ್ರ ಸುಳ್ಳು ಹೇಳದವಳು.

ಅವನ ವಕೀಲ ಒಂದು ಷರತ್ತು ಹಾಕಿದ: ಮಗಳೂ ವಾರಸುದಾರಳು, ತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟೆನೆಂದು ಆಕೆ ನೋಂದಣಿ ಕಚೇರಿಗೆ ಬಂದು ಸಹಿ ಮಾಡಬೇಕು. ತಾತನ ಆಸ್ತಿಯಲ್ಲಿ ಅತ್ತೆಗೆ ತಮ್ಮಂದಿರಷ್ಟೇ ಪಾಲಿದೆ ಎಂಬುದು ಅಪ್ಪನಿಗೆ ಮೊದಲೇ ಗೊತ್ತಿತ್ತೆಂದು, ಷರತ್ತು ಕೇಳಿಯೂ ಅವನು ಬೆರಗಾಗದ್ದನ್ನು ನೋಡಿ, ನನಗೆ ತಿಳಿದದ್ದು ಆಗ. ವಿಶ್ವವಿದ್ಯಾಲಯದಲ್ಲಿ ನಾನು ಕಾನೂನು ಓದಿದ್ದೆ. ಗೊತ್ತಿಲ್ಲದೆ ಮಾಡಿದ್ದಾನೆಂದು ಅದುವರೆಗೆ ಅಪ್ಪನನ್ನು ಮನಸ್ಸಿನಲ್ಲೇ ಕ್ಷಮಿಸುತ್ತ ಬಂದಿದ್ದೆ.

"ಅವಳ ಪಾಲು ಅವಳಿಗೆ ಯಾಕೆ ಕೊಡಬಾರದು?" ಎಂದು ಕೇಳಿದೆ.

"ಅವಳಿಗೇನಮ್ಮಾ ಕಮ್ಮಿ? ನಾವಿಲ್ವಾ?" ಎಂದ ಅಪ್ಪ. ಪೇಪರಿನಿಂದ ಕಣ್ಣೆತ್ತಲಿಲ್ಲ.

ಅತ್ತೆಯ ಬಳಿ ಹೋಗಿ ಸಹಿ ಮಾಡಬೇಡವೆಂದೆ. ಕಾನೂನನ್ನು ಬಿಡಿಸಿ ಹೇಳಿದೆ. ಅವಳು ಬೇಳೆ ಆರಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಶರಿ, ಸೈನ್ ಮಾಡಲ್ಲ. ಮಾಡಲ್ಲ ಅಂದ ದಿವ್ಸ ರಾತ್ರಿ ಊಟಕ್ಕೆ ಎಲ್ಲಿ ಕೂತ್ಕೊಳ್ಳಲಿ? ಅದು ನಿನ್ನ ಪುಸ್ತಕದಲ್ಲಿ ಇದೆಯಾ, ನನ್ನ ಕಣ್ಣೇ?"

ಅದಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದರು. ಅವರು ಇಂದಿಗೂ ಕೊಟ್ಟಿಲ್ಲ. ಹಕ್ಕನ್ನು ಅಚ್ಚು ಮಾಡಿಸಿದ ಸರ್ಕಾರ, ಆ ಹಕ್ಕನ್ನು ಕೇಳಿದವಳು ಮಲಗುವುದೆಲ್ಲಿ ಎಂದು ಯೋಚಿಸಿತೇ? ಪ್ರತಿವರ್ಷ ಅಕ್ಕನ ಕೈಯ ಹೋಳಿಗೆ ಉಂಡ ತಮ್ಮಂದಿರು ಯೋಚಿಸಿದರೇ? ಅತ್ತೆ ಕಚೇರಿಯ ಬೆಂಚಿನ ಮೇಲೆ ಕುಳಿತು, ತೋರಿಸಿದ ಕಡೆಯೆಲ್ಲ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಅಕ್ಷರ ದುಂಡಾಗಿತ್ತು. ಗುಮಾಸ್ತ ಮೆಚ್ಚಿದ.

ಅವಳು ಕೆಲವು ತಿಂಗಳು ನಮ್ಮಲ್ಲಿ, ಕೆಲವು ತಿಂಗಳು ಚಿಕ್ಕಪ್ಪನಲ್ಲಿ ಇರಬೇಕೆಂದು ಏರ್ಪಾಡಾಯಿತು. ಅವಳು ಮೊದಲ ಬಾರಿ ಬೆಸೆಂಟ್ ನಗರಕ್ಕೆ ಹೋದಾಗ ನಾನು ಒಂದು ಮಧ್ಯಾಹ್ನ ನೋಡಲು ಹೋದೆ. ಬಾಗಿಲು ತೆರೆದವಳು ಅವಳೇ. ಹಜಾರದ ಮೂಲೆಯಲ್ಲಿ ಸುತ್ತಿಟ್ಟ ಚಾಪೆಯ ಪಕ್ಕ ನನ್ನನ್ನು ಕೂರಿಸಿದಳು. ಬಿಸಿಲಲ್ಲಿ ಬಂದೆಯೆಂದು ಸೆರಗಿನಿಂದ ಗಾಳಿ ಬೀಸಿದಳು. ಆಮೇಲೆ ಚಿಕ್ಕಮ್ಮ ಮಲಗಿದ್ದ ಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಕಾಫಿ ಕೊಡ್ಲಾ ಅಂತ ಕೇಳ್ಕೊಂಡ್ ಬರ್ತೀನಿ, ಇರು."