ಗಂಟೆಯ ಪಾಳಿ

"ವಾಲೀಕಾರರ ಮನ್ಯಾಗ ಬಿ.ಎ. ಹುಟ್ಟೂದಿಲ್ಲ. ನಮ್ಮ ಹಕ್ಕು ಈ ಕೋಲು. ಇದನ್ನ ಹಿಡಿ, ಹೊಟ್ಟಿ ತುಂಬತೈತಿ" ಎಂದವರು ನನ್ನ ದೊಡ್ಡಪ್ಪ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನಾನು ಮಾಸ್ತರಿಕೆಗೆ ಹೊರಟ ದಿನ, ಡಂಬಳದ ಹತ್ತಿರದ ನಮ್ಮ ಮನೆಯ ಪಡಸಾಲೆಯಲ್ಲಿ, ಕೋಲಿಗೆ ಎಣ್ಣೆ ಸವರುತ್ತಲೇ ಹಾಗೆ ಅಂದರು. ಊರಿಗೆ ಕರೆ ಮುಟ್ಟಿಸುವುದು, ಕಂದಾಯಕ್ಕೆ ಮಂದಿಯನ್ನು ಚಾವಡಿಗೆ ಕರೆತರುವುದು ನಮ್ಮ ಮನೆತನದ ಕೆಲಸ. ಬಾಗಿಲ ಮರೆಯಲ್ಲಿದ್ದ ಚಿಕ್ಕ ತಂಗಿ ಕಿಸಕ್ಕನೆ ನಕ್ಕಳು.

"ನೀ ಯಾಕ ನಗತೀಬೇ? ನಿನಗ ಕೋಲೂ ಇಲ್ಲ" ಎಂದರು ದೊಡ್ಡಪ್ಪ.

ನನಗೆ ಸಿಕ್ಕಿದ್ದು ಲಕ್ಷ್ಮೇಶ್ವರದ ಕಡೆಯ ಒಂದು ಹಳ್ಳಿಯ ಶಾಲೆ. ಆ ಸೀಮೆಯನ್ನು ಆಳುತ್ತಿದ್ದ ಸಂಸ್ಥಾನ ಆಗಷ್ಟೇ ಮುಂಬೈ ಪ್ರಾಂತಕ್ಕೆ ಸೇರಿತ್ತು. ಪಾಠ ಹೇಳುತ್ತಲೇ ಮೆಟ್ರಿಕ್ ಮುಗಿಸಿದೆ, ಬಿ.ಎ.ಗೂ ಕಟ್ಟಿದೆ. ಕಡೆಯ ಪರೀಕ್ಷೆ ಧಾರವಾಡದಲ್ಲಿ. ಅದಕ್ಕೆ ರಜೆ ಬೇಕು. ರಜೆಗೆ ಶಾಲೆಯ ಕಮಿಟಿಗೆ ಹಿರಿಯರಾಗಿದ್ದ ಊರಗೌಡರ ಒಪ್ಪಿಗೆ ಬೇಕು. ಕೇಳಿದಾಗ "ನೋಡೂಣಂತ" ಎಂದು ಮೀಸೆ ತಿರುವಿದ್ದರು.

ಆ ದಿನಗಳಲ್ಲೇ ಮೂರನೆಯ ಇಯತ್ತೆಗೆ ಹೊಸ ಪಾಠ ಬಂತು: ನಾಗರಿಕರ ಹಕ್ಕುಗಳು ಮತ್ತು ಕರ್ತವ್ಯಗಳು. ಹಕ್ಕು ಅಂದರೇನು ಎಂದು ಕೇಳಿದೆ. ಎಲ್ಲರಿಗೂ ಗೊತ್ತಿತ್ತು!

"ಸುಗ್ಗಿಗೆ ಕಣದಾಗ ಒಂದ ಬುಟ್ಟಿ ಜ್ವಾಳ ನಮ್ಮ ಹಕ್ಕರಿ" ಎಂದ ಬಡಿಗೇರ ಹುಡುಗ.

"ಹೊಲಾ ಊಳೂ ರಂಟಿ ರಿಪೇರಿ ಮಾಡ್ಲಿಲ್ಲಂದ್ರ ಜ್ವಾಳ ಯಾರ ಕೊಡ್ತಾರಲೇ?" ಹಿಂದಿನಿಂದ ಯಾರೋ ಛೇಡಿಸಿದರು.

ಗೌಡರ ಮೊಮ್ಮಗ ಎದ್ದು ನಿಂತ. "ಶಾಲಿ ಗಂಟಿ ಬಾರಿಸೂದು ನಮ್ಮ ಮನಿ ಹಕ್ಕರಿ."

ಅದು ನಿಜ. ಕಂಚಿನ ಗಂಟೆ ಕೊಟ್ಟವರು ಗೌಡರ ತಂದೆ. ಆ ಮನೆಯ ಮಕ್ಕಳನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಕಡೆಗೆ ನೇಕಾರರ ಹುಡುಗಿಯನ್ನು ಕೇಳಿದೆ. ಆಕೆ ಎದ್ದು ಲಂಗದ ಅಂಚನ್ನೇ ತಿರುವುತ್ತ, "ನಾವು ಬೆಟಗೇರಿಯಿಂದ ಬಂದವರ್ರಿ. ಈ ಊರಾಗ ನಮಗ ಹಕ್ಕಿಲ್ರಿ" ಎಂದಳು. ದುಃಖವಿಲ್ಲದೆ, ಮಗ್ಗಿ ಒಪ್ಪಿಸಿದ ಹಾಗೆ.

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತಂಗಿಗೆ ದೊಡ್ಡಪ್ಪ "ನಿನಗ ಕೋಲೂ ಇಲ್ಲ" ಎಂದದ್ದನ್ನು ಕೇಳಿದ್ದ ನನಗೆ ಆ ಮಾತು ಹೊಸದೂ ಅಲ್ಲ. ಪುಸ್ತಕ ಮುಚ್ಚಿಟ್ಟು ಹೇಳಿದೆ: ಅಪ್ಪನಿಂದ ಬರುವ ಹಕ್ಕು ಬೇರೆ, ಈ ದೇಶದಲ್ಲಿ ಹುಟ್ಟಿದ್ದಕ್ಕೇ ಬರುವ ಹಕ್ಕು ಬೇರೆ. ಶಾಲೆ ಎಲ್ಲರದು, ಗಂಟೆಯೂ ಎಲ್ಲರದು. ನಾಳೆಯಿಂದ ಪಾಳಿ ಹಚ್ಚೋಣ. ಬಾರಿಸುವವರು ಎಲ್ಲರಿಗಿಂತ ಮೊದಲು ಬರಬೇಕು, ಕಸ ಹೊಡೆಯಬೇಕು, ಹರವಿಗೆ ನೀರು ತುಂಬಬೇಕು.

ಮೊದಲ ದಿನ ಗೌಡರ ಮೊಮ್ಮಗನ ಪಾಳಿ. ಎರಡನೆಯ ದಿನ ಆ ಹುಡುಗಿಯದು. ಶಾಲೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದ ನಾನು ಗಂಟೆಯ ಸದ್ದಿಗೆ ದಡಕ್ಕನೆ ಎದ್ದೆ. ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಪಾಳಿ ಎಲ್ಲಿ ಕೈ ತಪ್ಪುತ್ತದೋ ಎಂದು ಹೆದರಿ ಹುಡುಗಿ ನಸುಕಿನಲ್ಲೇ ಬಂದು ಬಾರಿಸಿಬಿಟ್ಟಿದ್ದಳು! ಮಕ್ಕಳು ಕಣ್ಣುಜ್ಜುತ್ತ ಓಡಿಬಂದರು. ಅವರ ಹಿಂದೆಯೇ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ಗೌಡರು.

"ಮಾಸ್ತರ್ರ, ಇದು ನಮ್ಮಪ್ಪ ಕೊಟ್ಟ ಗಂಟಿ. ಯಾರನ್ನ ಕೇಳಿ ಆಕಿ ಕೈಗೆ ಕೊಟ್ರಿ?"

ನನ್ನ ಧಾರವಾಡ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿತ್ತು. ಆದರೂ ಹುಡುಗಿಯ ಕೈಯಿಂದ ಬಡಿಗೆ ಇಸಿದುಕೊಳ್ಳಲಿಲ್ಲ. "ಶಾಲಿಗೆ ಕೊಟ್ಟಾರರಿ ಗೌಡ್ರ. ಶಾಲ್ಯಾಗಿನ ಮಕ್ಕಳದಾತು" ಎಂದೆ.

ಗೌಡರು ಮೊಮ್ಮಗನತ್ತ ತಿರುಗಿದರು. "ಮನಿ ಹಕ್ಕು ಬಿಟ್ಟಕೊಟ್ಟೇನಲೇ ಮಂಗ್ಯಾ?"

"ಬಿಟ್ಟಿಲ್ಲ ಯಜ್ಜಾ, ಪಾಳಿ ಹಚ್ಚೇವಿ. ನಂದು ನಿನ್ನೆ ಆತು, ಇವತ್ತ ಆಕಿದು. ಕಸಾನೂ ಆಕೀನ ಹೊಡೀತಾಳ."

"ಅಂದ್ರ ನಿನ್ನೆ ನೀ ಹೊಡದಿ?"

"ಹೂಂ. ಅವ್ವಗ ಹೇಳಬ್ಯಾಡ."

ಗೌಡರು ಬಾಯಿಯ ಕಡ್ಡಿ ತೆಗೆದರು. ಪಾಳಿ ಎಂಬ ಮಾತಿಗೆ ನಮ್ಮ ಕಡೆ ಎದುರು ಮಾತಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರಿಗೆ ಪಾಳಿ ಹಚ್ಚುತ್ತಿದ್ದವರು ಗೌಡರೇ. ಅವರ ಮನೆಯ ಕೊಡವೂ ಪಾಳಿಯಲ್ಲೇ ನಿಲ್ಲುತ್ತಿತ್ತು. ಕಂಬದ ಮರೆಗೆ ಸರಿದಿದ್ದ ಹುಡುಗಿಯನ್ನು ಕರೆದರು.

"ಬಾರಿಸವಾ ತಂಗಿ, ಬ್ಯಾಡನ್ನೂದಿಲ್ಲ. ಆದ್ರ ಹೊತ್ತು ಹುಟ್ಟಿದ ಮ್ಯಾಲ ಬಾರಿಸು. ಊರ ಮಂದಿಗೆ ನಿದ್ದಿ ಮಾಡೂ ಹಕ್ಕ ಐತಿಲ್ಲೋ?"

ಮಕ್ಕಳು ಘೊಳ್ಳೆಂದು ನಕ್ಕರು. ನನ್ನ ಪಾಠವನ್ನು ಗೌಡರೇ ಮುಗಿಸಿಕೊಟ್ಟಿದ್ದರು. ಹೊರಡುವಾಗ ನನ್ನತ್ತ ನೋಡಿದರು. "ಧಾರವಾಡದಾಗ ನಿಮ್ಮ ಪಾಳಿ ಯಾವಾಗರಿ?"

"ಬರೂ ತಿಂಗಳರಿ."

"ಹೋಗಿ ಬರ್ರಿ. ನಪಾಸಾದ್ರ ಕಸಾ ನೀವ ಹೊಡೀಬೇಕ ನೋಡ್ರಿ."

ನಾನು ನಪಾಸಾಗಲಿಲ್ಲ. ಪದವಿ ಪತ್ರ ಕೈಗೆ ಬರುವ ಹೊತ್ತಿಗೆ ಏಕೀಕರಣವಾಗಿ ನಮ್ಮ ಸೀಮೆ ಮುಂಬೈಯನ್ನು ಬಿಟ್ಟು ಕನ್ನಡಿಗರ ರಾಜ್ಯಕ್ಕೆ ಸೇರಿತ್ತು. ಗದಗಿನಲ್ಲಿ ಬಸ್ಸು ಬದಲಿಸಿ ನೆಟ್ಟಗೆ ಊರಿಗೆ ಹೋದೆ. ಪತ್ರವನ್ನು ದೊಡ್ಡಪ್ಪನ ಕೈಗಿಟ್ಟೆ. ಅವರು ಕೋಲನ್ನು ಗೋಡೆಗೆ ಆನಿಸಿ, ಎರಡೂ ಕೈಯಲ್ಲಿ ಅದನ್ನು ಹಿಡಿದರು. ಕನ್ನಡ ಶಾಲೆ ಮುಗಿಸಿ ಮನೆಯಲ್ಲೇ ಕುಳಿತಿದ್ದ ತಂಗಿಯನ್ನು ಕರೆದು, "ಏನ್ ಬರದಾರ, ಓದವಾ" ಎಂದರು.

ಆಕೆ ನೋಡಿ ತಲೆ ಅಲ್ಲಾಡಿಸಿದಳು. "ಇಂಗ್ಲೀಷಿನ್ಯಾಗ ಐತಿ ದೊಡ್ಡಪ್ಪಾ. ನನಗ ಬರೂದಿಲ್ಲ."

ದೊಡ್ಡಪ್ಪ ಪತ್ರವನ್ನು ಆಕೆಯ ಕೈಗೇ ಕೊಟ್ಟರು.

"ಹಂಗಾರ ಕಲಿ. ಇನ್ನ ನಿನ್ನ ಪಾಳಿ."