ಚೋಟುವಿನ ಕೌದಿ ಮತ್ತು ನನ್ನ ತೂಕ

ಕುರ್ಚಿ ಕಂಡಲ್ಲಿ ಕೂರುವುದು ನನ್ನ ಹಳೆಯ ಚಾಳಿ. ಅವತ್ತು ಮಧ್ಯಾಹ್ನ ನಮ್ಮ ಮಕ್ಕಳ ಆಶ್ರಮದ ಬಟ್ಟೆ ಕೋಣೆಗೆ ಸೋಪಿನ ಬಿಲ್ಲು ಕೇಳಲು ಹೋದವನು, ಕುರ್ಚಿಯ ಮೇಲಿದ್ದ ಕೌದಿಯನ್ನು ದಿಂಬೆಂದು ತಿಳಿದು ಪೂರ್ತಿ ಭಾರ ಬಿಟ್ಟೆ. ಮರುಕ್ಷಣ, ಅಕೌಂಟೆಂಟ್ ಆದವನಿಗೆ ಒಪ್ಪದ ಸ್ವರದಲ್ಲಿ ಕಿರುಚಿ ಎದ್ದೆ. ಹೊಲಿಗೆಯ ನಡುವೆ ಚುಚ್ಚಿಟ್ಟಿದ್ದ ಸೂಜಿ ನನ್ನ ತೂಕ ತಾಳಲಾರದೆ ಮುರಿದಿತ್ತು.

ಆಯಮ್ಮ ನನ್ನ ಕಡೆ ನೋಡಲೂ ಇಲ್ಲ. ದಾರ ಹಿಡಿದು ಸೂಜಿಯ ಹಿಂಭಾಗವನ್ನು ಎಳೆದು ಬೆಳಕಿಗೆ ಹಿಡಿದರು.

"ತುದಿ ಎಲ್ಲಿ?"

ಈ ಆಯಮ್ಮ ಇಲ್ಲಿನ ಮಕ್ಕಳನ್ನು ಮೀಯಿಸಿ, ಉಣಿಸಿ, ಮಲಗಿಸುತ್ತಲೇ ತಲೆ ನೆರೆಸಿಕೊಂಡವರು. ಮಕ್ಕಳಿಗೆ ಅಮ್ಮ, ನಮ್ಮಂಥ ಸಿಬ್ಬಂದಿಗೆ ಅತ್ತೆ. ದತ್ತು ಹೋದ ಮಗು ಯಾವ ಊರು ಸೇರಿತೆಂದು ಅವರಿಗೆ ಯಾರೂ ಹೇಳುವಂತಿಲ್ಲ, ಅದು ನಿಯಮ. ಹಾಗಾಗಿ ಪ್ರತಿ ಮಗುವಿನ ಜೊತೆ ಒಂದು ಕೌದಿ ಕಳಿಸುತ್ತಾರೆ. ಸವೆದ ಹಾಸಿಗೆ ಬಟ್ಟೆ, ಹರಿದ ಕಿಟಕಿ ಪರದೆ, ಮಗುವಿಗೆ ಗಿಡ್ಡವಾದ ಅಂಗಿ, ಒಂದು ಮೂಲೆಗೆ ತಮ್ಮ ಏಪ್ರನ್ನಿನ ತುಂಡು.

"ಹೊಸ ಮನೇಲಿ ಎಲ್ಲಾ ಹೊಸದೇ ಇರುತ್ತೆ. ಒಂದಾದ್ರೂ ಗುರುತಿನ ವಾಸನೆ ಬೇಡ್ವಾ ಮಗೂಗೆ?" ಎನ್ನುತ್ತಾರೆ.

ಈ ಸಲದ ಕೌದಿ ಚೋಟುವಿಗೆ. ಎರಡು ವರ್ಷದ ಹುಡುಗಿ, ಬಟ್ಟೆಯ ಮೂಲೆ ಚೀಪದೆ ಕಣ್ಣು ಮುಚ್ಚುವವಳಲ್ಲ. ಹೊಸ ಅಪ್ಪ ಅಮ್ಮ ಅವತ್ತು ಸಂಜೆಯೇ ಬರುವವರಿದ್ದರು.

"ನೆಲದ ಮೇಲೆಲ್ಲೋ ಬಿದ್ದಿರುತ್ತೆ ಬಿಡಿ ಆಯಮ್ಮ."

"ಅವಳು ನೆಲ ಚೀಪಲ್ಲ ಸಾರ್."

ಗುಂಡುಪಿನ್ನಿನ ಡಬ್ಬಿಯಿಂದ ಆಯಸ್ಕಾಂತ ತಂದು ನೆಲ, ಕುರ್ಚಿ, ಕೌದಿ ಎಲ್ಲ ಸವರಿದೆ. ತುಕ್ಕು ಹಿಡಿದ ಹೇರ್‌ಪಿನ್ ಒಂದು ಸಿಕ್ಕಿತು. ತುದಿ ಇಲ್ಲ.

"ಇಷ್ಟು ಪದರದೊಳಗಿದ್ರೆ ಆಯಸ್ಕಾಂತಕ್ಕೇನು ಗೊತ್ತಾಗುತ್ತೆ?" ಎಂದ ಆಯಮ್ಮ ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದರು. ತಿಂಗಳುಗಟ್ಟಲೆ ಹಾಕಿದ ಸಾಲುಗಳು. ನನಗೆ ನೋಡಲಾಗಲಿಲ್ಲ, ಕೂರುವ ಸ್ಥಿತಿಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ನಿದ್ದೆಯಿಂದೆದ್ದು ಬಂದ ಚೋಟು ಕೌದಿಯ ಮೂಲೆಯನ್ನು ನೇರ ಬಾಯಿಗಿಟ್ಟಳು. ಆಯಮ್ಮ ಅದನ್ನು ಕಸಿದ ರಭಸಕ್ಕೆ ಮಗು ಬೆಚ್ಚಿಬಿದ್ದು ಗೊಳೋ ಎಂದಿತು. ಅಳುವ ಮಗುವನ್ನು ಆಯಮ್ಮ ಎತ್ತಿಕೊಳ್ಳದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾಳೆಯಿಂದ ಇವಳ ಬಾಯಿಗೆ ಏನು ಹೋಯ್ತು ಅಂತ ನೋಡೋಕೆ ನಾನಿರಲ್ಲ," ಎಂದರು, ತಲೆಯೆತ್ತದೆ. ಆಮೇಲೆ, "ನೀವು ಎದುರಿನ ಆಸ್ಪತ್ರೆಗೆ ಹೋಗಿ ಬನ್ನಿ. ನಿಮ್ಮೊಳಗೇ ಇದ್ರೂ ಇರಬಹುದು."

ಎಕ್ಸ್‌ರೇಗೆ ಯಾವ ಭಾಗವೆಂದು ಕೌಂಟರಿನ ಹುಡುಗಿ ಎರಡೆರಡು ಸಲ, ಅದೂ ಗಟ್ಟಿಯಾಗಿ ಕೇಳಿದಳು. ಮಾನ ಹೋದರೂ ತುದಿ ಸಿಕ್ಕಿತು. ಡಾಕ್ಟರು ಕಿತ್ತುಕೊಟ್ಟದ್ದನ್ನು ಹತ್ತಿಯಲ್ಲಿ ಸುತ್ತಿಕೊಂಡು, ಬಹುಮಾನ ಗೆದ್ದವನಂತೆ ಕುಂಟುತ್ತ ಓಡಿಬಂದೆ.

ಕೌದಿ ಅರ್ಧಕ್ಕರ್ಧ ಬಿಚ್ಚಿಹೋಗಿತ್ತು. ಆಯಮ್ಮ ಸೂಜಿಯ ಎರಡು ತುಂಡುಗಳನ್ನೂ ಜೋಡಿಸಿ ನೋಡಿದರು. ಸರಿಯಾಗಿ ಕೂಡಿತು. ಆಗ ನೆಲಕ್ಕೆ ಕುಸಿದು, ಚೋಟುವನ್ನು ಮಡಿಲಿಗೆಳೆದುಕೊಂಡು ಕೌದಿಯ ಏಪ್ರನ್ನಿನ ಮೂಲೆಯನ್ನು ತಾವೇ ಅವಳ ಬಾಯಿಗಿಟ್ಟರು. ಮತ್ತೆ ಹೊಲಿಯಲು ಹೊತ್ತಿರಲಿಲ್ಲ; ಹೊರಗೆ ಕಾರು ನಿಂತ ಸದ್ದಾಯಿತು.

ಬಿಚ್ಚಿದ ಪದರಗಳನ್ನು ಮಡಿಸಿ, ದಾರದುಂಡೆ, ಹೊಸ ಸೂಜಿ ಜೊತೆಗಿಟ್ಟು, ನಡೆದದ್ದನ್ನು ಹೇಳಿ ಕೊಟ್ಟರು. ಹೊಸ ಅಮ್ಮ ಅದನ್ನು, ಮಗುವನ್ನು ಎತ್ತಿಕೊಳ್ಳುವಷ್ಟೇ ಹೆದರಿಕೆಯಿಂದ ಎತ್ತಿಕೊಂಡರು.

"ನಂಗೆ ಹೊಲಿಗೆ ಅಷ್ಟಾಗಿ ಬರಲ್ಲ ಆಯಮ್ಮ. ಅಕಸ್ಮಾತ್ ಒಳಗೆ ಸೂಜಿ ಮುರಿದುಹೋದ್ರೆ ಏನ್ಮಾಡ್ಲಿ?"

ಆಯಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿದರು.

"ಹೇಳಿ ಕಳಿಸಿ. ಇವರನ್ನ ಕರ್ಕೊಂಡು ನಾನೇ ಬರ್ತೀನಿ. ಒಂದ್ಸಲ ಕೂತೆದ್ರೆ ಸಾಕು."