ಬಾಚಣಿಗೆ ತಾಗದ ಹೊಲ

ಟ್ರ್ಯಾಕ್ಟರ್ ಓಡಿಸುವವನಿಗೆ ಬಾಚಣಿಗೆ ಎಂದು ಹೆಸರು ಬಿದ್ದದ್ದು ಅವನ ತಲೆ ನೋಡಿ ಅಲ್ಲ. ಅಲ್ಲಿ ಬಾಚಲು ಏನೂ ಉಳಿದಿರಲಿಲ್ಲ. ಹೊಲವನ್ನು ಮಾತ್ರ ಹುಲ್ಲುಕಡ್ಡಿ ಬಿಡದೆ ಉತ್ತು, ಬೈತಲೆ ತೆಗೆದ ಹಾಗೆ ಸಾಲು ಹೊಡೆಯುತ್ತಿದ್ದ. ಸೊಪ್ಪುಸದೆ ಕಂಡರೆ ಗುಡ್ಡೆ ಹಾಕಿ ಬೆಂಕಿಯಿಡುವವನು.

ಹೊಳೆದಂಡೆಯಲ್ಲಿ ಅವನದೂ ತಂಗಿಯದೂ ಅಕ್ಕಪಕ್ಕದ ಹೊಲ. ಒಮ್ಮೆ ಅವಳ ಹೊಲ ಉಳುವುದು ತಡವಾಗಿ ಜಗಳ ಹತ್ತಿತು. ಇನ್ನು ನನ್ನ ನೇಗಿಲು ನಿನ್ನ ಮಣ್ಣು ಮುಟ್ಟುವುದಿಲ್ಲ ಎಂದುಬಿಟ್ಟ. ಮಾತಿಗೆ ತಪ್ಪದ ಆಸಾಮಿ. ಬೇರೆ ಟ್ರ್ಯಾಕ್ಟರ್‌ಗಳೂ ಅತ್ತ ಸುಳಿಯದಂತೆ ನೋಡಿಕೊಂಡ. ತಂಗಿ ಬೇಕರಿಯಲ್ಲಿ ಹಿಟ್ಟು ನಾದಿ ಹೊಟ್ಟೆ ಹೊರೆದಳು. ಹೊಲ ಬೀಳುಬಿತ್ತು. ನೆರೆ ಬೀಜ ತಂದು ಸುರಿಯಿತು, ಮರಗಳೆದ್ದವು, ಎಲೆ ಉದುರಿ ಕೊಳೆಯಿತು. ಹಾವು ಸಾಕೋಕೆ ಒಳ್ಳೇ ಜಾಗ ಎಂದು ಅಣ್ಣ ಎಲ್ಲರೆದುರು ಹಲ್ಲುಕಿರಿದ.

ಹೊಳೆಗೆ ಮಾತ್ರ ಅವನ ಬೈತಲೆಯ ಅಂದ ಕಾಣಲಿಲ್ಲ. ಮಳೆಗಾಲ ಬಂದಾಗಲೆಲ್ಲ ಅವನ ದಂಡೆಯನ್ನೇ ಕಚ್ಚಿ ತಿನ್ನುತ್ತ ಟ್ರ್ಯಾಕ್ಟರ್ ಕೊಟ್ಟಿಗೆಯ ಹಿಂಗೋಡೆಗೆ ಬಂದು ನಿಂತಿತು. ಕೊಟ್ಟಿಗೆ ಹೋದರೆ ಮುಂದಿನದು ಮನೆ.

ಅಷ್ಟರಲ್ಲಿ, ಹೊಳೆದಂಡೆಯಲ್ಲಿ ಮತ್ತೆ ಕಾಡು ಬೆಳೆಸುವವರು ಜಾಗ ಆರಿಸಲು ಬರುತ್ತಾರೆಂದು ಸುದ್ದಿಯಾಯಿತು. ಬೇರು ಹಿಡಿದರೆ ದಂಡೆ ಉಳಿಯುತ್ತದೆಂದು ಬಾಚಣಿಗೆಗೂ ಆಸೆ ಹುಟ್ಟಿತು. ಸಂತೆಗೆ ಹೊರಟ ಎಮ್ಮೆಗೆ ಎಣ್ಣೆ ಸವರುವವನ ಹಾಗೆ, ಅವರು ಬರುವ ಮುನ್ನಾದಿನ ನೀರಿನಂಚಿನವರೆಗೂ ಉತ್ತು ನುಣುಪು ಮಾಡಿಟ್ಟ.

ಬಂದವರಲ್ಲಿ ಮಣ್ಣು ಪರೀಕ್ಷೆಯವಳು ಕೊಳವೆ ಒತ್ತಿ ಎರಡೂ ಕಡೆಯ ಮಣ್ಣು ತೆಗೆದಳು. ತಂಗಿಯದು ಕಪ್ಪಗೆ ಉಂಡೆ ಕಟ್ಟುವಂತಿತ್ತು. ಅಣ್ಣನದು ಬೂದಿ ಬಣ್ಣದ ಪುಡಿ. ಎಲೆ, ಬೇರು ಕೊಳೆತು ಸೇರುವ ಇಂಗಾಲ ಮಣ್ಣಲ್ಲಿ ಉಳಿದು ಅದನ್ನು ಹಿಡಿದಿಡುತ್ತದೆ, ಮೇಲಿಂದ ಮೇಲೆ ಉತ್ತರೆ ಗಾಳಿಪಾಲಾಗುತ್ತದೆ ಎಂದು ವಿವರಿಸಿದಳು. ತಂಗಿಯ ಹೊಲವನ್ನು ಅಲ್ಲೇ ಆರಿಸಿದರು. ಆಮೇಲೆ ಪರೀಕ್ಷೆಯವಳು ಅಣ್ಣನ ಹೊಸ ಸಾಲಿನಿಂದ ತುಂಡಾದ ಸಸಿಯೊಂದನ್ನು ಹೆಕ್ಕಿದಳು.

"ಇಲ್ಲೂ ತಾವಾಗೇ ಹುಟ್ಟಿದ್ವಲ್ಲ. ಇವು ಇದ್ದಿದ್ರೆ ನಿಮ್ಮ ದಂಡೆನೂ ಸೇರಿಸ್ಕೋತಿದ್ವಿ. ಮತ್ತೆ ಸಸಿ ಏಳಲಿ, ಆಗ ನೋಡೋಣ."

ಬಾಚಣಿಗೆ ನುಂಗಲಾರದ್ದನ್ನು ನುಂಗಿಕೊಂಡು ಬೇಲಿ ಹತ್ತಿರ ಹೋಗಿ ತಂಗಿಯನ್ನು ನಾಲ್ಕು ಸಸಿ ಕೇಳಿದ.

"ನಿನ್ನ ನೇಗಿಲು ನನ್ನ ಮಣ್ಣು ಮುಟ್ಟಲ್ಲ ಅಂದಿದ್ಯಲ್ಲ, ಅಣ್ಣಯ್ಯ. ನನ್ನ ಸಸಿಗೂ ಮಾನ ಇದೆ" ಎಂದು ಅವಳು ಬೆನ್ನು ತಿರುಗಿಸಿದಳು.

ಆ ಮಳೆಗಾಲ ನೆರೆ ಕೊಟ್ಟಿಗೆಯ ಹಿಂಗೋಡೆಯನ್ನು ಎಳೆದುಕೊಂಡು ಹೋಯಿತು. ಇಳಿಯುವಾಗ ಅಣ್ಣನ ದಂಡೆಯ ಮೇಲೆ ಹೂಳು ಬಿಟ್ಟಿತು. ಹೂಳಿನಲ್ಲಿ ತಂಗಿಯ ಮರಗಳ ಬೀಜ ಮೊಳೆತವು. ತಂಗಿ ಕುಡುಗೋಲು ಹಿಡಿದು ಬಂದಳು. ನನ್ನ ಮರದ ಬೀಜ, ಇಟ್ಟುಕೊಳ್ಳುವುದೂ ಕಿತ್ತೆಸೆಯುವುದೂ ನನ್ನಿಷ್ಟ ಎಂದಳು.

ಹುಲ್ಲುಕಡ್ಡಿ ಕಂಡರೆ ಕೆರಳುತ್ತಿದ್ದವನು ಆ ಕಳೆಗೆ ಅಡ್ಡಲಾಗಿ ದೊಣ್ಣೆ ಹಿಡಿದು ನಿಂತ.

"ಒಂದು ಎಲೆ ಮುಟ್ಟು, ನೋಡ್ತೀನಿ."